ಪೇಂಟರಣ್ಣ ಹಚ್ಚದ ವಿಭೂತಿ

ಮೊನ್ನೆ ಮನೆಯ ಗೇಟಿಗೆ ಬಣ್ಣ ಹೊಡೆಸುತ್ತಿದ್ದೆ. ಬಣ್ಣದವರು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ಘಾಟು ಮೂಗಿಗೆ ಅಡರಿ ಹೊನ್ನಾಳಿ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿದ್ದ ಒಂದು ಚಿಕ್ಕ ಅಂಗಡಿ ಕಣ್ಣ ಮುಂದೆ ಬಂತು. ಅಲ್ಲಿ ಒಬ್ಬರು ಬೋರ್ಡ್ ಬರೆಯುತ್ತಿದ್ದರು. ಊರಿಗೆಲ್ಲ ಅವರು ಪೇಂಟರಣ್ಣ. ತೀರಿಕೊಂಡು ಎಷ್ಟೋ ವರ್ಷವಾಯಿತು... ಅವರ ಪರವಾಗಿ ನಾನು ಒಂದು ಮಾತು ಹೇಳಬೇಕಿತ್ತು, ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಊರಿನ ಮೇಲೂ ಇದೆ, ನನ್ನ ಮೇಲೂ ಇದೆ.

ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಹಣೆಗೆ ಮೂರು ಬೆರಳ ವಿಭೂತಿ. ಇಷ್ಟಾಗದೆ ಅವರು ಬ್ರಶ್ ಮುಟ್ಟುತ್ತಿರಲಿಲ್ಲ, ನೀರು ಸಹ ಕುಡಿಯುತ್ತಿರಲಿಲ್ಲ. ಮುಖ ಬರೆಯುವುದರಲ್ಲಿ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸೀಮೆಯಲ್ಲೆಲ್ಲ ಅವರದೇ ಹೆಸರು. ಫೋಟೋದ ಮೇಲೆ ಪೆನ್ಸಿಲ್ಲಿನಿಂದ ಚೌಕ ಎಳೆಯುವರು. ದಾರಕ್ಕೆ ಕೆಮ್ಮಣ್ಣು ಹಚ್ಚಿ ಗೋಡೆಗೆ ಬಿಗಿಯಾಗಿ ಹಿಡಿದು ಚಿಟ್ಟೆಂದು ಹೊಡೆದು, ಬಿದ್ದ ಗೆರೆಗಳಿಂದ ಅಷ್ಟೇ ಚೌಕ ಮಾಡುವರು. ಆಮೇಲೆ ಆಯಾ ಚೌಕದಲ್ಲಿ ಏನಿದೆಯೋ ಅಷ್ಟನ್ನೇ ಬರೆಯುವರು. ಒಮ್ಮೆ ತೀರಿಕೊಂಡ ಯಜಮಾನರೊಬ್ಬರ ಚಿತ್ರಕ್ಕೆ, ತಲೆ ಬೋಳಾಗಿ ಕಾಣುತ್ತೆ, ಸ್ವಲ್ಪ ಕೂದಲು ಬರೀರಿ ಅಂತ ಮಕ್ಕಳು ಗೋಗರೆದರು. "ಇದ್ದಾಗ ಎಣ್ಣೆ ಹಚ್ಚಬೇಕಿತ್ತು, ಈಗ ನನ್ನ ಕೇಳಿದ್ರೆ?" ಅಂದರಂತೆ.

ಎಪ್ಪತ್ತರ ದಶಕದ ಕೊನೆ ಅದು. ಲೋಕಸಭೆಯ ಚುನಾವಣೆ ಬಂದಿತ್ತು. ನನಗೆ ಇಪ್ಪತ್ತಮೂರು ವರ್ಷ. ಡಿಗ್ರಿ ಇತ್ತು, ಕೆಲಸ ಇರಲಿಲ್ಲ, ಪಾರ್ಟಿ ಇತ್ತು. ದಿಲ್ಲಿಯ ನಮ್ಮ ನಾಯಕರ ಹೆಸರಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ಓಟು ಕೇಳುತ್ತಿದ್ದೆ. ನಮ್ಮ ಕಡೆ ಹೊಸಬರು ಸಿಕ್ಕರೆ ಊರು ಕೇಳಿದ ಮೇಲೆ ಕೇಳುವುದೇ ಮನೆದೇವರು ಯಾವುದು ಅಂತ. ಹೆಣ್ಣು ಕೊಡುವಾಗ ಕೇಳಲಿ, ಬೇಡ ಅಂದವರಾರು? ದಿಲ್ಲಿಯಲ್ಲಿ ಕೂತು ರಾಜ್ಯಭಾರ ಮಾಡುವವರ ಬಗ್ಗೆಯೂ ಅದೇ ಪ್ರಶ್ನೆ! ನಮ್ಮ ನಾಯಕರಿಗೆ ದೇವರೇ ಇಲ್ಲವಂತೆ ಎಂದು ಎದುರು ಪಾರ್ಟಿಯವರು ಬೇರೆ ಹಬ್ಬಿಸಿದ್ದರು. ನನಗೇನು ಗೊತ್ತು? "ಶಿವಭಕ್ತರು" ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ.

ಬಸವಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬಳು ತಲೆಯ ಮೇಲಿನ ಕೊಡ ಇಳಿಸಿ, ನನ್ನ ಕೈಯಲ್ಲಿದ್ದ ಪೋಸ್ಟರನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. "ಶಿವಭಕ್ತರಾದ್ರೆ ಹಣೆ ಯಾಕಪ್ಪ ಬರಿದು?" ಎಂದಳು. ಕುಡಿಯುವ ನೀರಿಗೆ ಒಂದು ಮೈಲಿ ಹೋಗಿ ಬರುವ ಹೆಂಗಸು ಕೇಳಿದ್ದು ಹಣೆಯ ವಿಷಯ. ನಾನೂ ನೀರಿನ ಮಾತೆತ್ತಲಿಲ್ಲ. ಅವತ್ತೇ ಪಾರ್ಟಿ ಆಫೀಸಿನಲ್ಲಿ ಕೂತು, ಗೋಡೆ ಗೋಡೆಯ ಮೇಲೂ ನಾಯಕರಿಗೆ ವಿಭೂತಿ ಹಚ್ಚಿಸಬೇಕು ಎಂದು ತೀರ್ಮಾನ ಮಾಡಿದೆವು.

ಬಸ್ ಸ್ಟ್ಯಾಂಡಿನ ಎದುರಿನ ದೊಡ್ಡ ಗೋಡೆಯಲ್ಲಿ ಪೇಂಟರಣ್ಣ ಆಗಲೇ ನಾಯಕರ ಮುಖ ಬರೆದು ಮುಗಿಸಿದ್ದರು. ಹೋಗಿ ಅಜ್ಜಿಯ ಕತೆ ಹೇಳಿ, "ಮೂರು ಗೆರೆ ಎಳೆದುಬಿಡ್ರಿ ಅಣ್ಣಾ" ಎಂದೆ.

ಅವರು ಚೌಕ ಎಳೆದಿದ್ದ ಫೋಟೋ ನನ್ನ ಮುಂದೆ ಹಿಡಿದರು. "ಇದರಾಗೆ ಎಲ್ಲೈತೆ, ತೋರ್ಸು."

"ಹೊರಗೆ ಇಲ್ದಿದ್ರೇನು, ಭಕ್ತಿ ಒಳಗಿರ್ತೈತೆ."

"ಒಳಗಿದ್ರೆ ಒಳಗೇ ಇರ್ಲಿ ಬಿಡು. ನಾನು ಪೂಜೆ ಮಾಡಿ ಹಚ್ಕೊಳ್ಳೋದನ್ನ ಓಟಿಗೋಸ್ಕರ ಬಣ್ಣದ ಡಬ್ಬಿಯಿಂದ ಎತ್ತಿ ಇನ್ನೊಬ್ರಿಗೆ ಹಚ್ಚಾಕೆ ಬರಲ್ಲ."

"ದೇವರ ಭಯ ಇಲ್ದೋರು ಇನ್ಯಾರಿಗೆ ಹೆದ್ರುತಾರೆ ಅಂತ ಜನ ಕೇಳ್ತಾರೆ ಅಣ್ಣಾ."

"ನಮ್ಮ ಓಟಿಗೆ ಹೆದ್ರಲಿ. ದೇವರಿಗೆ ಹೆದ್ರೋದು, ಬಿಡೋದು ಅವರ ಮನೆ ಒಳಗಿನ ಮಾತು. ನೀರು ಯಾವಾಗ ಕೊಡ್ತೀರಿ ಅಂತ ಕೇಳಾಕೆ ಆ ಅಜ್ಜಿಗೆ ಹೇಳಿಕೊಡು ಹೋಗು."

ಮುಖಕ್ಕೆ ಹೊಡೆದ ಹಾಗಾಯಿತು. ಸಿಟ್ಟಿನಲ್ಲಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು, ಪೇಂಟರಣ್ಣ ವಿಭೂತಿಯೇ ಬೇಡ ಅಂತಾರೆ ಎಂದು ನಾಲ್ಕು ಜನರ ಮುಂದೆ ಆಡಿದೆ. ಮಾರನೇ ದಿನ ಮೊದಲ ಬಸ್ಸು ಬರುವ ಮುಂಚೆ ಗೆಳೆಯನೊಬ್ಬನಿಗೆ ಏಣಿ ಹಿಡಿಯಲು ಹೇಳಿ, ನಾನೇ ಹತ್ತಿ, ಶಾಲೆಗೆ ಬಳಿಯಲು ತಂದಿದ್ದ ಸುಣ್ಣದಲ್ಲಿ ಮೂರು ಗೆರೆ ಎಳೆದೆ. ಎಣ್ಣೆ ಬಣ್ಣದ ಮೇಲೆ ಸುಣ್ಣದ ನೀರು ನಿಲ್ಲುವುದಿಲ್ಲ ಅಂತ ಬಿ.ಎ. ಓದಿದ ನನಗೆ ಗೊತ್ತಿರಲಿಲ್ಲ. ಅದು ಹಣೆಯಿಂದ ಇಳಿದು ಎರಡೂ ಕಣ್ಣಿನ ಮೇಲೆ ಒಣಗಿತು. ಬಿಸಿಲೇರುವ ಹೊತ್ತಿಗೆ ನಾಯಕರ ಕಣ್ಣಿಗೆ ಪೊರೆ ಬಂದಿತ್ತು.

ಜನ ಮೊದಲು ನಕ್ಕರು. ಆಮೇಲೆ ಯಾರೋ, "ವಿಭೂತಿ ಬೇಡ ಅಂದಿದ್ನಲ್ಲ, ಬೇಕಂತಲೇ ಕೆಡಿಸಿದಾನೆ" ಎಂದರು. ಪೇಂಟರಣ್ಣ ಬಂದು ನೋಡಿದರು. ಅವರಿಗೆ ಉರಿದದ್ದು ತಾವು ಬರೆದ ಕಣ್ಣು ಹಾಳಾಗಿದ್ದಕ್ಕೆ. ಒದ್ದೆ ಬಟ್ಟೆ ತಂದು ಏಣಿ ಹತ್ತಿ ಕಣ್ಣು ಒರೆಸತೊಡಗಿದರು. ಬಟ್ಟೆಯ ತುದಿ ಹಣೆಗೂ ತಾಗಿ ಒಂದು ಗೆರೆ ಅಳಿಸಿತು... ಅಷ್ಟು ಸಾಕಾಯಿತು. "ವಿಭೂತಿ ಅಳಿಸ್ತಿದಾನೆ!" ಎಂದು ಕೂಗಿ ಅವರನ್ನು ಏಣಿಯಿಂದ ಎಳೆದು ಇಳಿಸಿದರು. ಹಣೆ ತುಂಬ ವಿಭೂತಿ ಇದ್ದ ಮನುಷ್ಯನನ್ನು ಹಿಡಿದು ಕೇಳುತ್ತಾರೆ, ನಿನಗೆ ದೇವರಿಲ್ಲವಾ ಅಂತ! ನಾನು ಹೋಟೆಲಿನ ಬಾಗಿಲಲ್ಲೇ ನಿಂತಿದ್ದೆ. ಅವರು ನನ್ನ ಕಡೆ ನೋಡಿದರು. ನನ್ನ ಉಗುರುಗಳಲ್ಲಿ ಇನ್ನೂ ಸುಣ್ಣ ಇತ್ತು, ಕೈ ಜೇಬಿಗೆ ಹಾಕಿಕೊಂಡೆ. ಹಚ್ಚಿದ್ದು ನಾನು ಅನ್ನಬೇಕಿತ್ತು.

ಚುನಾವಣೆಯಲ್ಲಿ ನಾವೇ ಗೆದ್ದೆವು. ಅಜ್ಜಿಯ ಕೊಡ ತಲೆಯಿಂದ ಇಳಿಯಲಿಲ್ಲ. ಪ್ರತಿ ವರ್ಷ ದೇವಸ್ಥಾನದ ಬಾಗಿಲಿಗೆ ಬಣ್ಣ ಹಚ್ಚುವ ಕೆಲಸ ಪೇಂಟರಣ್ಣನದೇ ಆಗಿತ್ತು, ಅದನ್ನು ಅವರ ಕೈಯಿಂದ ಕಿತ್ತು ಬೇರೆ ಊರಿನವರಿಗೆ ಕೊಟ್ಟರು. ತೀರಿಕೊಂಡವರ ಚಿತ್ರ ಬರೆಸುವವರೂ ಅವರ ಅಂಗಡಿ ದಾಟಿ ಹೋದರು. ಅವರೋ, ಯಾರ ಹತ್ತಿರವೂ ಹೋಗಿ ನಿಜ ಹೇಳಲಿಲ್ಲ. ಅವರ ಆ ಮೌನದ ಮೇಲೂ ನನಗೆ ಸಿಟ್ಟಿತ್ತು. ನನ್ನ ಹೆಸರು ಹೇಳಿಬಿಟ್ಟಿದ್ದರೆ ನಾನಾದರೂ ಹಗುರಾಗುತ್ತಿದ್ದೆ. ನೋಡಿ, ಅದನ್ನೂ ಅವರೇ ಮಾಡಬೇಕಿತ್ತಂತೆ!

ಎಂಬತ್ತರ ದಶಕದಲ್ಲಿ ಅವರು ಮುಖ ಬರೆಯುವುದನ್ನೇ ಬಿಟ್ಟರು. ಬಸ್ಸುಗಳ ಮೇಲೆ ಚನ್ನಗಿರಿ, ನ್ಯಾಮತಿ, ಜಗಳೂರು ಎಂದು ಊರ ಹೆಸರು ಬರೆದುಕೊಂಡಿದ್ದರು. ನಾನು ಗೊಬ್ಬರದಂಗಡಿ ತೆರೆದಾಗ ಬೋರ್ಡ್ ಬರೆಸಲು ಅವರ ಹತ್ತಿರವೇ ಹೋದೆ. ಮುತ್ತಿನಂಥ ಅಕ್ಷರ ಬರೆದುಕೊಟ್ಟರು. ಬ್ರಶ್ಶನ್ನು ಟರ್ಪೆಂಟೈನಿನಲ್ಲಿ ಅದ್ದಿ ತೊಳೆಯುತ್ತಾ, ತಲೆ ಎತ್ತದೆ, "ಮೇಲೆ ಇನ್ನೇನಾರ ಹಚ್ಚೋದಿದ್ರೆ ಈಗ್ಲೇ ಹೇಳಪ್ಪ" ಎಂದರು.

"ಏನಿಲ್ಲಣ್ಣ" ಎಂದೆ. ಬೋರ್ಡ್ ಹೊತ್ತು ಬಂದುಬಿಟ್ಟೆ. ಎರಡು ವರ್ಷಕ್ಕೆ ಅವರು ಹೋಗಿಬಿಟ್ಟರು...

ಗೇಟಿಗೆ ಬಣ್ಣ ಹೊಡೆಸಿದ ದಿನ ಸಂಜೆ ಮನೆಯಲ್ಲಿ ಕೂರಲಾಗದೆ ಹೋಟೆಲಿಗೆ ಹೋದೆ. ಅಲ್ಲಿ ಮೊಬೈಲ್ ಹಿಡಿದು ಜಗಳ ನಡೆದಿತ್ತು. ಇವತ್ತಿನ ನಾಯಕರಲ್ಲಿ ಯಾರು ನಿಜವಾದ ಭಕ್ತರು, ಯಾರು ಫೋಟೋಕ್ಕೆ ಕೈ ಮುಗಿಯುವವರು ಅಂತ. ನಲವತ್ತು ವರ್ಷದಲ್ಲಿ ಪ್ರಶ್ನೆ ಒಂದಂಗುಲ ಅಲುಗಿಲ್ಲ. ತಡೆಯಲಾಗಲಿಲ್ಲ. ಪೇಂಟರಣ್ಣನ ಕತೆ ಶುರು ಮಾಡಿದೆ.

"ಯಾರು, ಆ ವಿಭೂತಿ ಅಳಿಸಿದ ಪೇಂಟರಾ? ನಮ್ಮಪ್ಪ ಹೇಳ್ತಿದ್ರು" ಎಂದ ಒಬ್ಬ.

"ಅಳಿಸಿದ್ದಲ್ಲಪ್ಪ, ಕಣ್ಣು ಒರೆಸಿದ್ದು. ಸುಣ್ಣ ಹಚ್ಚಿ ಕೆಡಿಸಿದ್ದು ನಾನು."

ಅವನು ನನ್ನನ್ನೇ ನೋಡಿದ. ಆಮೇಲೆ ಎದ್ದು ಕೂರಲು ಜಾಗ ಬಿಟ್ಟುಕೊಟ್ಟು, "ಹೌದಾ ಸರ್, ವಿಭೂತಿ ಹಚ್ಚಿದ್ದು ನೀವಾ? ಒಳ್ಳೇ ಕೆಲಸ ಮಾಡಿದ್ರಿ ಬಿಡ್ರಿ" ಎಂದ. ಪಕ್ಕದವರು ನನಗೊಂದು ಚಹಾ ಹೇಳಿದರು.