ನೆಲದ ಮೇಲೆ ಹರಿಸಿದ ನಾಲೆ
ಗೆಳೆಯ ಗುರುಮಲ್ಲೇಶ ಶುಕ್ರವಾರ ಬೆಳಿಗ್ಗೆ ನಂಜನಗೂಡಿನಲ್ಲಿ ಹೃದಯಾಘಾತದಿಂದ ತೀರಿಕೊಂಡ. ನೀರಾವರಿ ಎಂಜಿನಿಯರ್ ಆಗಿದ್ದವನು ಕಂಪ್ಯೂಟರ್ ಕಲಿತು, ಐವತ್ತು ದಾಟಿದ ಮೇಲೆ ಕಲಾವಿದನಾದ. ನಾಲೆಯ ಭಾಷೆಯನ್ನು ಮಾತ್ರ ಬಿಡಲಿಲ್ಲ. ಕಂಪ್ಯೂಟರ್ ನಿಂತರೆ "ಕಾಲುವೆ ಕಟ್ಕೊಂಡದೆ ಕಣೋ" ಎನ್ನುತ್ತಿದ್ದ; ಪ್ರೋಗ್ರಾಮಿನ ತಪ್ಪು ತಿದ್ದುವುದೆಂದರೆ ಅವನಿಗೆ ಹೂಳೆತ್ತುವುದು. ಹುಲ್ಲಹಳ್ಳಿ ನಾಲೆಗೆ ಸೆನ್ಸರ್ ಇಳಿಬಿಟ್ಟು, ಅಲ್ಲಿನ ನೀರು ಏರಿಳಿದಂತೆಲ್ಲ ತನ್ನ ಶೆಡ್ಡಿನ ನೆಲದ ಮೇಲೆ ಪ್ರೊಜೆಕ್ಟರಿನ ನೀಲಿ ಬೆಳಕು ಹರಿಯುವಂತೆ ಮಾಡಿದ್ದ. ನೋಡಲು ಬಂದ ರೈತರು ಪಂಚೆ ಎತ್ತಿಕೊಂಡು ದಾಟಿದರೆ ಅದೇ ಅವನಿಗೆ ಪ್ರಶಸ್ತಿ. ನನ್ನನ್ನೇ ಹನ್ನೊಂದು ಸಲ ದಾಟಿಸಿದ್ದಾನೆ. ದಾಟಿದವರನ್ನೆಲ್ಲ "ಹೆಂಗೆ ಕಾಣ್ತದೆ?" ಎಂದು ಕಾಡುತ್ತಿದ್ದ. ಕಳೆದ ತಿಂಗಳು ಅಭ್ಯಾಸಬಲದಿಂದ ಚಿಕ್ಕಮಾದುವಿಗೂ ಹಾಗೇ ಕೇಳಿಬಿಟ್ಟ. ನಲವತ್ತು ವರ್ಷ ಗದ್ದೆಗಳಿಗೆ ನೀರು ಹಂಚಿದ ಆ ನೀರುಗಂಟಿಗೆ ಈಗ ಕಣ್ಣು ಪೂರ್ತಿ ಹೋಗಿದೆ. "ನಮ್ಗೆಲ್ಲಿ ಕಾಣ್ತದೆ ಸಾ? ಕೇಳುಸ್ದ್ರೆ ಯೋಳ್ತೀನಿ," ಎಂದ ಮುದುಕ. ಗುರುಮಲ್ಲೇಶ ಸಪ್ಪಗಾದ. ಮೂರು ವಾರ ಯಾರ ಫೋನೂ ಎತ್ತದೆ, ನೀರಿನ ಏರಿಳಿತ ಬೆಳಕಿನ ಜೊತೆ ಸದ್ದಾಗಿಯೂ ಹರಿಯುವಂತೆ ಮಾಡಿದ. ಗುರುವಾರ ಸಂಜೆ ಮುದುಕನನ್ನು ಕೂರಿಸಿ ಅದನ್ನು ಕೇಳಿಸಿದ. ಚಿಕ್ಕಮಾದು ಬಹಳ ಹೊತ್ತು ಕಿವಿಗೊಟ್ಟು, "ಮೇಲ್ಗಡೆ ಯಾವನೋ ಗದ್ದೆಗೆ ತೂಬು ಎತ್ತವ್ನೆ ಸಾ, ನೀರು ಇಳೀತಾ ಅದೆ," ಎಂದ. ಗುರುಮಲ್ಲೇಶ ಪರದೆಯ ಅಂಕಿ ನೋಡಿದ, ನಿಜವಾಗಿಯೂ ಇಳಿಯುತ್ತಿತ್ತು. ಎದ್ದು ಹೋಗಿ ಪ್ರೊಜೆಕ್ಟರ್ ಆರಿಸಿ ಬಂದು, ಅವನ ಪಕ್ಕ ನೆಲದ ಮೇಲೆ ಕಣ್ಣು ಮುಚ್ಚಿ ಕೂತ.