ಸತ್ತಿದೆ ಎಂದು ನಾನು ಬರೆದ ಮುಳ್ಳಿಲಿ

ಹೋದ ವರ್ಷ ಮಾರ್ಗಳಿಯ, ಅಂದರೆ ಧನುರ್ಮಾಸದ, ಚಳಿಯಲ್ಲಿ ನಾನು ಕಂಬಂ ಕಣಿವೆಯ ಒಂದು ಪಶು ಆಸ್ಪತ್ರೆಯಲ್ಲಿ ವೈದ್ಯೆಯಾಗಿದ್ದೆ. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಸಾವನ್ನು ಗುರುತಿಸುವುದು ಕಷ್ಟ ಎಂದು ಅಲ್ಲಿಯವರೆಗೆ ಅನಿಸಿರಲಿಲ್ಲ.

ಒಂದು ಬೆಳಿಗ್ಗೆ ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ ರಂಗಮ್ಮತ್ತೆ ಬುಟ್ಟಿಯಲ್ಲಿ ಒಂದು ಮುಳ್ಳಿಲಿ ತಂದರು. ಮುಷ್ಟಿಗಾತ್ರದ, ಮೈತುಂಬ ಮುಳ್ಳಿನ ಪ್ರಾಣಿ, ಉಂಡೆಯಾಗಿ ಮುದುಡಿತ್ತು. ಎರಡು ದಿನದ ಹಿಂದೆ ತೋಟಕ್ಕೆ ಔಷಧ ಹೊಡೆದಿದ್ದರು. ಅದರಿಂದಲೇ ಸತ್ತಿತೇ ಎಂದು ತೋಟದವರಿಗೆ ತಿಳಿಯಬೇಕಿತ್ತು. ಅತ್ತೆಗೆ ಬೇಕಿದ್ದದ್ದು ಬೇರೆ, ಕೆಮ್ಮುತ್ತಿದ್ದ ಮೊಮ್ಮಗಳಿಗಾಗಿ ಅದರ ತೊಗಲು. ಮುಳ್ಳಿಲಿಯ ತೊಗಲು ಸುಟ್ಟು ಜೇನಿನಲ್ಲಿ ನೆಕ್ಕಿಸಿದರೆ ಮಕ್ಕಳ ನಾಯಿಕೆಮ್ಮು ನಿಲ್ಲುತ್ತದೆಂದು ನಮ್ಮ ಕಡೆ ನಂಬುತ್ತಾರೆ.

“ಕೂಸಿಗೆ ಇರುಮಲ್ ನಿಲ್ಲಾದೇ ಇಲ್ಲ, ಕಣ್ಣು. ಸತ್ತೋಗಿರದು ತಾನೆ, ತೋಲು ಮಾತ್ರ ಕೊಡು,” ಎಂದರು. ಪ್ರೀತಿಯಿಂದ ಅವರು ಎಲ್ಲರನ್ನೂ ಕಣ್ಣು ಎಂದೇ ಕರೆಯುವುದು.

ಸ್ಟೆತಸ್ಕೋಪನ್ನು ಒಂದು ನಿಮಿಷ ಒತ್ತಿ ಹಿಡಿದೆ; ಏನೂ ಕೇಳಲಿಲ್ಲ. ಮೈಯ ಉಷ್ಣತೆ ಇಪ್ಪತ್ತೊಂದು ಡಿಗ್ರಿ, ಕೋಣೆಯಷ್ಟೇ. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ಉಂಡೆಯಿಂದ ಹೊರಗೆ ಇಣುಕಿದ್ದ ಹಿಂಗಾಲಿಗೆ ಹಾಕಿದರೆ ಬರೀ ಗೀಟು. ‘ಸತ್ತ ಸ್ಥಿತಿಯಲ್ಲಿ ತಂದದ್ದು’ ಎಂದು ರಿಜಿಸ್ಟರಿನಲ್ಲಿ ಬರೆದೆ.

ವಿಷದ ಪರೀಕ್ಷೆಗೆಂದು ಹಿಂಗಾಲಿನಿಂದ ರಕ್ತ ತೆಗೆದೆ. ಹೆಪ್ಪುಗಟ್ಟದೆ ಬಂತು. ಕಪ್ಪಾಗಿಯೂ ಇರಲಿಲ್ಲ, ಕೆಂಪಗಿತ್ತು. ಉಸಿರಿಲ್ಲದ ಮೈಯಲ್ಲಿ ಕೆಂಪು ರಕ್ತ ಹೇಗೆ? ಗೊಂದಲವಾಯಿತು, ಆದರೂ ಕೈ ಬ್ಲೇಡಿನ ಕಡೆಗೇ ಹೋಯಿತು. ಹೊಟ್ಟೆ ಸಿಗಲೆಂದು ಉಂಡೆಯನ್ನು ಬಿಡಿಸಲು ಎಳೆದೆ. ಬಿಡಲಿಲ್ಲ.

ಅತ್ತೆ ಮೇಜಿನ ಹತ್ತಿರ ಬಂದರು. ತೊಗಲು ಬೇಕಾಗಿದ್ದದ್ದು ಅವರಿಗೆ. ಆದರೂ ಅವರೇ ಹೇಳಿದರು: “ಸತ್ತದ್ದು ಸಡಿಲಾಗ್ತದೆ, ಕಣ್ಣು. ಇದು ಬಿಗಿ ಹಿಡ್ಕೊಂಡದೆ. ಇಷ್ಟು ಓದಿದೋಳಿಗೆ ನಾನು ಹೇಳ್ಬೇಕಾ?”

ಬ್ಲೇಡು ಇಟ್ಟು ಗಡಿಯಾರ ನೋಡಿದೆ. ನಾಲ್ಕು ನಿಮಿಷ ಏನೂ ಇಲ್ಲ. ಐದನೆಯದರಲ್ಲಿ ಮುಳ್ಳುಗಳು ಒಂದು ಉಸಿರಿಗೆ ಮೇಲೆದ್ದು ಇಳಿದವು. ಮತ್ತೆ ಮೌನ. ಸ್ಟೂಲು ಎಳೆದು ಅದರ ಪಕ್ಕದಲ್ಲೇ ಕೂತೆ.

ಮಧ್ಯಾಹ್ನದ ಹೊತ್ತಿಗೆ ಅದು ತಾನೇ ಬಿಸಿಯಾಗಿ ಮೂಗು ಹೊರಹಾಕಿತು. ಸಂಜೆ, ಕಾಲೇಜಿನಲ್ಲಿ ನಮಗೆ ಶರೀರಕ್ರಿಯಾಶಾಸ್ತ್ರ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿದೆ. ಚಳಿಯಲ್ಲಿ ಮುಳ್ಳಿಲಿ ಮೈ ತಣ್ಣಗೆ ಮಾಡಿಕೊಂಡು ಸತ್ತಂತೆ ಜಡನಿದ್ದೆಗೆ ಜಾರುತ್ತದೆ ಎಂದರು. ಮೈ ತಣ್ಣಗಾದಷ್ಟೂ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ, ಅಪರೂಪದ ಒಂದೊಂದು ಉಸಿರಿನಲ್ಲೂ ರಕ್ತ ಅದನ್ನು ತುಂಬಿಕೊಳ್ಳುತ್ತದೆ ಎಂದರು. ಹಾಗೆ ಬಿಗಿ ಹಿಡಿದರೆ ಅಂಗಾಂಗಗಳು ಉಸಿರುಗಟ್ಟುವುದಿಲ್ಲವೇ ಎಂದು ಕೇಳಿದೆ. ತಣ್ಣಗಿನ ಅಂಗಾಂಗಕ್ಕೆ ಬೇಕಾಗುವ ಆಮ್ಲಜನಕವೇ ಚೂರು. ಬಿಸಿಯಾದಂತೆ ಹಿಡಿತವೂ ಸಡಿಲವಾಗುತ್ತದೆ ಎಂದರು. ಇದು ಪರೀಕ್ಷೆಗೆ ಬರುವುದಿಲ್ಲವೆಂದು ಆ ಪಾಠ ಬಿಟ್ಟಿದ್ದೆಯಲ್ಲ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮುಳ್ಳಿಲಿಯನ್ನು ಔಷಧ ಹೊಡೆಯದ ಬೇಲಿಯಲ್ಲಿ ಬಿಟ್ಟೆವು. ಅತ್ತೆಯ ಮೊಮ್ಮಗಳನ್ನು ಮಕ್ಕಳ ವೈದ್ಯರಿಗೆ ನಾನೇ ತೋರಿಸಿದೆ, ಕೆಮ್ಮು ಗುಣವಾಯಿತು.

ಯಂತ್ರ ಏನನ್ನೂ ತೋರಿಸದಿದ್ದರೆ ಅದಕ್ಕೆ ಗೊತ್ತಾಗಿಲ್ಲ ಎಂದಷ್ಟೇ ಅರ್ಥ. ಈ ಕೆಲಸ ನನಗೆ ಕಲಿಸಿದ್ದು ಅದು. ಈಗ ಸತ್ತಿದೆ ಎಂದು ಬರೆಯುವ ಮೊದಲು ಹತ್ತು ನಿಮಿಷ ಕಾಯುತ್ತೇನೆ. ಆದರೆ ಆ ಸಂಜೆ ಹಳೆಯ ರಿಜಿಸ್ಟರು ತೆರೆದಿದ್ದೆ. ಹಿಂದಿನ ಮಾರ್ಗಳಿಯ ಪುಟದಲ್ಲಿ ಇನ್ನೊಂದು ಮುಳ್ಳಿಲಿ ಇತ್ತು, ನನ್ನದೇ ಅಕ್ಷರದಲ್ಲಿ: ‘ಸತ್ತ ಸ್ಥಿತಿಯಲ್ಲಿ ತಂದದ್ದು’. ಅದನ್ನು ಕೊಯ್ದಾಗ ರಕ್ತ ಯಾವ ಬಣ್ಣದಲ್ಲಿತ್ತು ಎಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.