ಬ್ಯಾಟರಿಗಳಿಗೆ ಒಂದು ದಿನದ ರಜೆ

ದಡದ ಅಂಗಡಿಯವರು ಈಗ ಅವಳನ್ನು ಮೀಟರಮ್ಮ ಅನ್ನುತ್ತಾರೆ. ಮೊದಲು ದೋಣಿಯವನ ಹೆಂಡತಿ ಅನ್ನುತ್ತಿದ್ದರು. ಬದಲಾದದ್ದು ಒಳ್ಳೆಯದೇ ಆಯಿತು ಎಂದು ಅವಳ ಎಣಿಕೆ.

ಹೊಳೆಯ ಎರಡೂ ದಡಗಳಿಗೆ ಸಾಮಾನು ಸಾಗಿಸುವ ದೋಣಿ ಅದು. ಮುಂದಿನರ್ಧ ಮೂಟೆಗಳಿಗೆ, ಹಿಂದಿನರ್ಧ ಸಂಸಾರಕ್ಕೆ. ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ಕಿಟಕಿಯ ಪಕ್ಕ ಅತ್ತೆಯ ಹಲಗೆ ಮಂಚ. ಎಂಜಿನ್ನಿಗೆ ಬೇರೆಯೇ ಒಂದು ಬ್ಯಾಟರಿ. ದೀಪ, ಫ್ರಿಜ್ಜು, ನೀರಿನ ಪಂಪು, ನಿದ್ದೆಯಲ್ಲಿ ಉಸಿರು ಕಟ್ಟುವ ಅತ್ತೆಯ ಮೂಗಿಗೆ ಗಾಳಿ ಒತ್ತುವ ಯಂತ್ರ, ಇವೆಲ್ಲ ನಡೆಯುತ್ತಿದ್ದದ್ದು ಹಿಂಬಾಗಿಲಾಚೆಯ ಜಾಲರಿ ಪೆಟ್ಟಿಗೆಯಲ್ಲಿದ್ದ ನಾಲ್ಕು ಬ್ಯಾಟರಿಗಳಿಂದ. ಎಂಜಿನ್ ಓಡುವಾಗ ತುಂಬಿಕೊಳ್ಳುವ ಅವಕ್ಕೆ ಮನೆ ಬ್ಯಾಟರಿ ಎಂದು ಹೆಸರು. ಮನೆ ಅಂದಮೇಲೆ ಇನ್ನೇನು, ಯಾರೂ ಹೇಳದೆಯೇ ಅವುಗಳ ಚಾಕರಿ ಅವಳ ಪಾಲಿಗೆ ಬಂತು. ತುದಿಗಳ ಬಿಳಿ ಬೂಷ್ಟು ಉಜ್ಜಬೇಕು, ಗ್ರೀಸು ಸವರಬೇಕು, ಬಟ್ಟಿ ಇಳಿಸಿದ ನೀರು ತುಂಬಬೇಕು. ಅವುಗಳಲ್ಲಿ ಎಷ್ಟು ಕರೆಂಟು ಉಳಿದಿದೆಯೆಂದು ಅಳೆಯುವ ಮೀಟರು ಮಾತ್ರ ಗಂಡನ ಜೇಬಿನಲ್ಲಿತ್ತು. ತಿಕ್ಕುವುದು ಅವಳ ಕೆಲಸ, ಅಳೆದು ತೀರ್ಪು ಹೇಳುವುದು ಅವನ ಕೆಲಸ.

ಸಂಜೆ ದೋಣಿ ಕಟ್ಟಿ ಎಂಜಿನ್ ಆರಿಸಿದ ಕೂಡಲೇ ಅವನು ಮೀಟರಿನ ಕಡ್ಡಿಗಳನ್ನು ತಾಗಿಸಿ, ಕುದುರೆ ಹಾಗಿವೆ ಎಂದು ಸಾರುತ್ತಿದ್ದ. ಅಂಥ ಕುದುರೆಗಳೇ ಒಂದು ಬೆಳಗಿನ ಜಾವ ಮುಗ್ಗರಿಸಿದವು. ಯಂತ್ರ ನಿಂತು ಅತ್ತೆ ಏದುಸಿರು ಬಿಡುತ್ತ ಎದ್ದು ಕೂತರು. ಆ ವಾರದಲ್ಲೇ ಮತ್ತೊಮ್ಮೆ ಹಾಗಾದಾಗ ನಾದಿನಿ ಬಂದು ತಾಯಿಯನ್ನು ತನ್ನ ಮೂರನೆಯ ಮಹಡಿಯ ಮನೆಗೆ ಕರೆದುಕೊಂಡು ಹೋದಳು. ಬ್ಯಾಟರಿ ಸರಿಯಾಗುವವರೆಗೆ ಮಾತ್ರ ಅಂದಿದ್ದಳು. ಆದರೆ ಬೀರುವಿನ ಎರಡು ಅಂಕಣಗಳನ್ನು ತಾಯಿಗಾಗಿ ಆಗಲೇ ಖಾಲಿ ಮಾಡಿಸಿದ್ದಾಳೆಂದು ಅತ್ತೆಯಿಂದಲೇ ಫೋನು ಬಂತು.

"ಇಲ್ಲಿ ಎಲ್ಲಾ ಇದೆ ಕಣೇ. ಬೈಯೋಕೆ ಮಾತ್ರ ಯಾರೂ ಇಲ್ಲ," ಎಂದರು ಅತ್ತೆ. "ಬೇಗ ಏನಾದ್ರೂ ಮಾಡು."

ಮಗನಿಗಲ್ಲ, ಸೊಸೆಗೆ ಹೇಳಿದರು. ದೋಣಿಯಲ್ಲಿದ್ದಾಗ ಕಿಟಕಿಯಿಂದಲೇ ಮೂಟೆ ಇಳಿಸುವವರನ್ನೆಲ್ಲ ಹದ್ದುಬಸ್ತಿನಲ್ಲಿ ಇಟ್ಟಿದ್ದವರು ಅವರು. ಅವರಿಲ್ಲದ ಮೇಲೆ ಅವಳಿಗೆ ಮಾತಿಗೆ ಉಳಿದವನು ಗಂಡನೊಬ್ಬನೇ. ಅವನೋ ಮಾತಾಡುವುದು ಎಂಜಿನ್ ಜೊತೆ.

ಬಟ್ಟಿ ನೀರು ತರಲು ಹೋದಾಗಲೆಲ್ಲ ಬ್ಯಾಟರಿ ಅಂಗಡಿಯವನ ಬಾಯಿಂದ ಒಂದೊಂದೇ ವಿಷಯ ಹೆಕ್ಕಿ ತಂದಿದ್ದ ಅವಳು ಆ ಸಂಜೆ ಗಂಡನ ಮುಂದೆ ಕೈ ಚಾಚಿ ಮೀಟರು ಕೇಳಿದಳು.

"ಎಂಜಿನ್ ಆರಿಸಿದ ತಕ್ಷಣ ಅಳೆಯೋದು ಅಂದ್ರೆ, ಉಂಡು ಕೈ ತೊಳೀತಿರೋನನ್ನ ಹಸಿವಾ ಅಂತ ಕೇಳಿದ ಹಾಗೆ ಕಣ್ರೀ. ಇಲ್ಲ ಅಂತಲೇ ಅಂತಾನೆ."

ಮತ್ತೆ ಯಾವಾಗ ಕೇಳಬೇಕೆಂದು ಅವನು ಸ್ವಲ್ಪ ಮುನಿಸಿನಲ್ಲೇ ಕೇಳಿದ. ಒಂದಿಡೀ ದಿನ ಸುಮ್ಮನೆ ಬಿಟ್ಟು, ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಬೇಕು ಎಂದಳು. ಮೀಟರು ಕೈ ಬದಲಾಯಿಸಿತು.

ಭಾನುವಾರ ತಂತಿಗಳನ್ನೆಲ್ಲ ಬಿಚ್ಚಿದಳು. ಬ್ಯಾಟರಿಗಳಿಗೆ ರಜೆ ಕೊಟ್ಟರೆ ಪಂಪಿಗೂ ರಜೆ, ಫ್ರಿಜ್ಜಿಗೂ ರಜೆ. ಅವಳಿಗೆ ಮಾತ್ರ ಇರಲಿಲ್ಲ. ನೀರಿಗೇನು ಮಾಡೋದು ಎಂದ ಗಂಡನಿಗೆ ಬಕೆಟ್ಟು ತೋರಿಸಿದಳು. ಅವನು ದಡದ ನಲ್ಲಿಯಿಂದ ಹಲಗೆ ದಾಟಿ ದಾಟಿ ಹೊತ್ತು ತಂದ. ಮಧ್ಯಾಹ್ನದ ಹೊತ್ತಿಗೆ, ಇಷ್ಟೊಂದು ನೀರು ಎಲ್ಲಿಗೆ ಹೋಗುತ್ತದೆ ಎಂದು ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ. ಅಕ್ಕಿ, ಸೊಪ್ಪು, ಪಾತ್ರೆ, ನೆಲ, ನಿಮ್ಮ ಅಂಗಿ ಎಂದು ಅವಳು ಕೆಲಸ ನಿಲ್ಲಿಸದೆಯೇ ಹೇಳಿದಳು.

ಟೀ ಕುಡಿದ ಲೋಟವನ್ನು ಅವನು ಕಟ್ಟೆಯ ಮೇಲೆ ಬೋರಲು ಹಾಕಿದ. "ಇದನ್ನ ತೊಳೀಬೇಡ. ಸಂಜೆಗೂ ಇದರಲ್ಲೇ ಕುಡೀತೀನಿ."

ಇಷ್ಟು ವರ್ಷಗಳಲ್ಲಿ ಅವನು ಮನೆಗೆಲಸದ ಬಗ್ಗೆ ಆಡಿದ ಅತಿ ತಿಳಿವಳಿಕೆಯ ಮಾತು ಅದೇ ಇರಬೇಕು.

ಮರುದಿನ ಬೆಳಗ್ಗೆ ಅಳೆದಾಗ ಮೂರು ಬ್ಯಾಟರಿಗಳು ಹನ್ನೆರಡೂವರೆ ವೋಲ್ಟಿಗೂ ಮೇಲೆ, ಗಟ್ಟಿಯಾಗಿದ್ದವು. ನಾಲ್ಕನೆಯದು ಹನ್ನೊಂದಕ್ಕಿಂತ ಕೆಳಗೆ ಕುಸಿದಿತ್ತು. ಮುಚ್ಚಳ ತೆಗೆದು ನೀರನ್ನು ಗಾಜಿನ ನಳಿಗೆಗೆ ಎಳೆದು ನೋಡಿದಳು. ಬ್ಯಾಟರಿಯೊಳಗಿನ ಆರು ಕೋಣೆಗಳಲ್ಲಿ ಒಂದರ ನೀರಿನಲ್ಲಿ, ಬಲವಿದ್ದರೆ ತೇಲಬೇಕಾದ ನಳಿಗೆಯ ಕಡ್ಡಿ ಮೇಲೇಳಲೇ ಇಲ್ಲ. ಸತ್ತ ಕೋಣೆ. ಮೂರೂ ಕೂಡಿಟ್ಟದ್ದನ್ನು ಇದೊಂದೇ ಒಳಗೊಳಗೇ ಹೀರುತ್ತಿತ್ತು.

"ಮೂರು ದುಡಿದದ್ದನ್ನ ಒಂದು ಕೂತು ತಿಂತಿತ್ತು," ಎಂದಳು.

"ಅದಕ್ಕೆ ನನ್ನನ್ನ ಯಾಕೆ ನೋಡ್ತೀಯ?" ಎಂದ ಗಂಡ, ನೋಯುವ ಹೆಗಲು ಒತ್ತಿಕೊಳ್ಳುತ್ತ.

ಕೆಟ್ಟದ್ದನ್ನು ತೆಗೆದದ್ದಾಯಿತು. ಉಳಿದ ಮೂರು ಒಂದು ರಾತ್ರಿ ತಾಳುತ್ತವೆಯೇ? ನಾದಿನಿ ಮೀಟರಿನ ಅಂಕಿಗೆ ಒಪ್ಪುವವಳಲ್ಲ, ಅವಳು ಹೆದರಿದ್ದರಲ್ಲಿ ತಪ್ಪೂ ಇರಲಿಲ್ಲ. ಹೊರೆ ಹೊರಿಸಿಯೇ ನೋಡಬೇಕು, ಅದೂ ಹಗಲಲ್ಲಿ, ಎಲ್ಲರ ಕಣ್ಣೆದುರು. ಮುಂದಿನ ರಜಾ ದಿನ ಬೆಳಗ್ಗೆಯೇ ನಾದಿನಿ ತಾಯಿಯನ್ನು ಕರೆತಂದಳು, ಅವರ ಬಟ್ಟೆಬರೆಯ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಮಂಚದ ಪಕ್ಕ ಕೂತಳು. ಯಂತ್ರದ ಮೂಗಿನ ಪಟ್ಟಿ ಕಟ್ಟಿಕೊಂಡು ಸಂಜೆಯವರೆಗೂ ಮಲಗಿರಬೇಕೆಂದು ಸೊಸೆ ಅತ್ತೆಗೆ ವಿವರಿಸಿದಳು.

"ನಾನು ಮಲಗೋದೂ ಒಂದು ಕೆಲಸ ಅಂತ ಈವರೆಗೆ ಯಾರೂ ಹೇಳಿರಲಿಲ್ಲ," ಎಂದರು ಅತ್ತೆ. ದಿಂಬನ್ನು ಬಡಿದು ಸರಿಮಾಡಿಕೊಂಡು ಕೆಲಸಕ್ಕಿಳಿದರು.

ಅಡುಗೆ ಗಂಡನದು. ಅನ್ನ ತಳ ಹಿಡಿಯಿತು, ಯಾರೂ ಅದರ ಮಾತೆತ್ತಲಿಲ್ಲ. ಅವಳು ಆಗಾಗ ಪೆಟ್ಟಿಗೆಗೆ ಹೋಗಿ ಅಳೆದು ಬರುತ್ತಿದ್ದಳು. ಪ್ರತಿಸಲವೂ ನಾದಿನಿ ಅವಳ ಮುಖ ನೋಡುತ್ತಿದ್ದಳು. ಕಿಟಕಿಯ ಬೆಳಕು ಮಂಕಾಗುವ ಹೊತ್ತಿಗೆ ಯಂತ್ರ ಓಡುತ್ತಿದ್ದಂತೆಯೇ ಕೊನೆಯ ಅಳತೆ ತೆಗೆದಳು. ಹನ್ನೆರಡು ಪಾಯಿಂಟ್ ನಾಲ್ಕು.

"ಹಾಗಂದ್ರೆ?" ಎಂದಳು ನಾದಿನಿ.

"ಒಂದು ರಾತ್ರಿಯಷ್ಟು ಓಡಿದೆ, ಆದ್ರೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ."

ಗಂಡ ಅವನ್ನು ಮತ್ತೆ ತುಂಬಿಸಲು ಎಂಜಿನ್ ಚಾಲೂ ಮಾಡಿದ. ಆ ಸದ್ದಿಗೂ ಅತ್ತೆ ಕದಲಲಿಲ್ಲ. ನಟಿಸುತ್ತಿರಲಿಲ್ಲ, ಗಾಢ ನಿದ್ದೆ. ಹೇಳಿ ಹೊರಡೋಣವೆಂದು ನಾದಿನಿ ತಾಯಿಯ ಭುಜಕ್ಕೆ ಕೈ ಚಾಚಿದಳು.

"ಎಬ್ಬಿಸಬೇಡ," ಎಂದಳು ಅವಳು. "ಕೆಲಸದಲ್ಲಿದ್ದಾರೆ."

ನಾದಿನಿಗೆ ನಗು ತಡೆಯಲಾಗಲಿಲ್ಲ. ಮಡಿಲಲ್ಲಿದ್ದ ಚೀಲವನ್ನು ಮಂಚದ ಕೆಳಗೆ ತಳ್ಳಿ, ಸದ್ದಾಗದಂತೆ ಹಲಗೆ ದಾಟಿ ದಡಕ್ಕಿಳಿದಳು.